ಹಿಮದ ನಾಡಿನಲ್ಲಿ ಚೆರ್ರಿ: ಮರವೋ, ಪೊದೆಯೋ?

ಚೆರ್ರಿ ಹೂ ಎಂದೊಡನೆ ಜಪಾನಿನ ನೆನಪಾಗುತ್ತದೆ. 1912ರಲ್ಲಿ ಟೋಕಿಯೋ ನಗರವು ಅಮೆರಿಕದ ವಾಷಿಂಗ್ಟನ್ನಿಗೆ 3,020 ಚೆರ್ರಿ ಗಿಡಗಳನ್ನು ಕಾಣಿಕೆಯಾಗಿ ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವು 'ಯೋಶಿನೋ' ತಳಿಯವು. ಆ ಹೂವಿಗೆ ಮರುಳಾಗಿ ಕೆನಡಾದ ವಿನ್ನಿಪೆಗ್ ಊರಿನವರೂ ಅದೇ ಮರವನ್ನು ಅಂಗಳದಲ್ಲಿ ನೆಟ್ಟರೆ? ಮೊದಲ ಕಡುಚಳಿಗೇ ಅದು ಒಣಗೀತು. ಚಳಿನಾಡಿನಲ್ಲಿ ಗಿಡ ಆರಿಸುವಾಗ ನೋಡಬೇಕಾದುದು ಹೂವಿನ ಅಂದವನ್ನಲ್ಲ, ವರ್ಷದ ಅತಿ ಚಳಿಯ ರಾತ್ರಿಯನ್ನು.

ಹಾಗೆಂದು ಚೆರ್ರಿಗೆ ಚಳಿ ಬೇಡವೆಂದಲ್ಲ. ಚಳಿಗಾಲದಲ್ಲಿ ಅದರ ಮೊಗ್ಗು ನಿದ್ರಿಸುತ್ತದೆ. ಕೆಲವು ವಾರಗಳ ಚಳಿ ಸಿಗದಿದ್ದರೆ ಸರಿಯಾಗಿ ಅರಳದು. ಬೆಂಗಳೂರಿನಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ಇಲ್ಲಿ ಜನ 'ಚೆರ್ರಿ' ಎನ್ನುವ ಗುಲಾಬಿ ಹೂವಿನ ಟಬೂಬಿಯಾ ಬೇರೆಯೇ ಕುಟುಂಬದ ಮರ.

ಚಳಿ ಮಿತಿಮೀರಿದರೆ ಜೀವಕೋಶದೊಳಗಿನ ನೀರು ಮಂಜುಗಡ್ಡೆಯಾಗಿ ಕೋಶವನ್ನು ಹಾಳುಮಾಡುತ್ತದೆ. ಇದನ್ನು ತಡೆಯಲು ಗಿಡ ಮೊದಲೇ ಕೋಶಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿಸಿಕೊಂಡು, ಒಂದಿಷ್ಟು ನೀರನ್ನು ಹೊರಹಾಕುತ್ತದೆ. ಈ ಶಕ್ತಿಗೂ ಮಿತಿಯುಂಟು. ಯೋಶಿನೋ ಮರ ಸುಮಾರು ಮೈನಸ್ 29 ಡಿಗ್ರಿ ಸೆಲ್ಸಿಯಸ್‌ವರೆಗೆ, ಸಾರ್ಜೆಂಟ್ ಚೆರ್ರಿ ಮರ ಮೈನಸ್ 34ರವರೆಗೆ ತಾಳಬಲ್ಲವು. ನಾನ್‌ಕಿಂಗ್ ಚೆರ್ರಿ ಎಂಬ ಪೊದೆಯಾದರೋ ಮೈನಸ್ 40ನ್ನೂ ಸಹಿಸುತ್ತದೆ.

ಪೊದೆಗೆ ಬೇರೆ ಅನುಕೂಲಗಳೂ ಇವೆ. ಎರಡು-ಮೂರು ಮೀಟರ್ ಎತ್ತರದ ಅದರ ಕೆಳರೆಂಬೆಗಳನ್ನು ಹಿಮವೇ ಕಂಬಳಿಯಂತೆ ಹೊದ್ದಿಸಿ ಕಾಪಾಡುತ್ತದೆ. ಒಂದು ಕಾಂಡ ಸತ್ತರೂ ಬುಡದಿಂದ ಇನ್ನೊಂದು ಚಿಗುರುತ್ತದೆ. ಮರಕ್ಕೆ ಇರುವುದು ಒಂದೇ ಕಾಂಡ. ಹಗಲಿನ ಬಿಸಿಲಿಗೆ ಕಾದ ತೊಗಟೆ ರಾತ್ರಿ ಥಟ್ಟನೆ ಹೆಪ್ಪುಗಟ್ಟಿದಾಗ ಸೀಳಬಹುದು. ಕಸಿ ಮಾಡಿದ ಮರದ ಮೇಲ್ಭಾಗ ಸತ್ತರಂತೂ, ಬುಡದಿಂದ ಚಿಗುರುವುದು ನಾವು ಬಯಸಿದ ತಳಿಯಲ್ಲ, ಕಸಿಗೆ ಬಳಸಿದ ಬೇರಿನ ಗಿಡ!

ವಸಂತದ ಹಠಾತ್ ಚಳಿ ಮಾತ್ರ ಇಬ್ಬರನ್ನೂ ಬಿಡದು. 2017ರ ಮಾರ್ಚಿಯಲ್ಲಿ ವಾಷಿಂಗ್ಟನ್ನಿನ ಯೋಶಿನೋ ಹೂಗಳಲ್ಲಿ ಸುಮಾರು ಅರ್ಧದಷ್ಟು ಹಾಳಾದವು. ಆದರೆ ಹೂ ಹೋದರೆ ಮರುವರ್ಷ ಬಂದೀತು. ಕಾಂಡವೇ ಹೋದರೆ ಹಲವು ವರ್ಷಗಳ ಆರೈಕೆ ಮಣ್ಣುಪಾಲು.

ಚಳಿ ಮಿತಿಯೊಳಗಿದ್ದು ಅಂಗಳ ವಿಶಾಲವಾಗಿದ್ದರೆ ಮರ ಆಗಬಹುದು; ಇಲ್ಲವಾದರೆ ಪೊದೆಯೇ ಲೇಸು. ನಾನ್‌ಕಿಂಗ್ ಚೆರ್ರಿಯ ಹಣ್ಣನ್ನು ಮಕ್ಕಳು ತಿನ್ನಬಹುದು. ಬೀಜವನ್ನು ಮಾತ್ರ ಅಗಿಯಬಾರದು. ಅದರಲ್ಲಿ ಸಯನೈಡ್ ವಿಷ ಹುಟ್ಟಿಸುವ ಅಮಿಗ್ಡಾಲಿನ್ ಇದೆ.