ಪೇಟೆಯಿಂದ ದಂಡಿಗೆ: ಇಗರ್ಜಿಗಳ ದಾರಿಯಲ್ಲಿ

ಬೆಂಗಳೂರು ಬಹುಕಾಲ ಒಂದೂರಾಗಿರಲಿಲ್ಲ; ಎರಡೂರಾಗಿತ್ತು. ಒಂದು ಕಡೆ ಕೆಂಪೇಗೌಡರ ಪೇಟೆ; ಇನ್ನೊಂದು ಕಡೆ 1809ರಲ್ಲಿ ನೆಲೆಯೂರಿದ ಬ್ರಿಟಿಷರ ದಂಡು. ಎರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಸೇರಿದ್ದು 1949ರಲ್ಲಿ. ಈ ಕಥೆಯನ್ನು ಓದಿ ತಿಳಿಯುವುದಕ್ಕಿಂತ ನಡೆದು ತಿಳಿಯುವುದು ಸೊಗಸು. ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು ಹತ್ತು ಹನ್ನೆರಡು ಮಂದಿ ಊರಿನ ಹಳೆಯ ಇಗರ್ಜಿಗಳನ್ನು ಒಂದು ಬೆಳಗ್ಗೆ ಸುತ್ತಿಬಂದರೆ ಸಾಕು.

ಅವೆನ್ಯೂ ರಸ್ತೆಯಿಂದ ಹೊರಡೋಣ. ಅಂಗಡಿಗಳ ಗದ್ದಲದ ನಡುವೆ ರೈಸ್ ಸ್ಮಾರಕ ಇಗರ್ಜಿಯಿದೆ. ಪಾದ್ರಿ ಬೆಂಜಮಿನ್ ರೈಸರ ಹೆಸರು ಕೇಳದವರೂ ಅವರ ಮಗನನ್ನು ಬಲ್ಲರು. ನಾಡಿನ ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸ್ ಅವರೇ ಆ ಮಗ. ಹುಟ್ಟಿದ್ದೂ ಬೆಂಗಳೂರಿನಲ್ಲೇ, 1837ರಲ್ಲಿ.

ಅಲ್ಲಿಂದ ಕಾರ್ಪೊರೇಷನ್ ಕಟ್ಟಡದ ಬಳಿಗೆ ಬಂದರೆ 1904ರ ಹಡ್ಸನ್ ಸ್ಮಾರಕ ಇಗರ್ಜಿ. ಕಲ್ಲಿನ ಗೋಡೆ, ಮೇಲಕ್ಕೆ ಚೂಪಾಗುವ ಕಮಾನು. ಇದಕ್ಕೆ ಗಾಥಿಕ್ ಶೈಲಿ ಎನ್ನುತ್ತಾರೆ. ಉಡುಪು ಯೂರೋಪಿನದು, ಒಳಗಿನ ಪ್ರಾರ್ಥನೆ ಮಾತ್ರ ಕನ್ನಡದ್ದು.

ಕಬ್ಬನ್ ಪಾರ್ಕು ದಾಟಿದೆವೋ, ದಂಡಿನ ಪ್ರದೇಶ. ಸೇಂಟ್ ಮಾರ್ಕ್ಸ್ ಕೆಥೀಡ್ರಲಿನ ಎದುರು ತುಸು ನಿಲ್ಲಬೇಕು. ಇಲ್ಲಿ ಚೂಪು ಕಮಾನಿಲ್ಲ, ದುಂಡು ಗುಮ್ಮಟವಿದೆ. ದಂಡಿನ ಜನರಿಗಾಗಿ 1808ರಲ್ಲಿ ಅಡಿಗಲ್ಲಿಟ್ಟ ಈ ಇಗರ್ಜಿಯನ್ನು 1923ರಲ್ಲಿ ಬೆಂಕಿ ತಿಂದಿತು. 1927ರಲ್ಲಿ ಮತ್ತೆ ಎದ್ದುನಿಂತಿತು. ಅರಿತವರು ಜೊತೆಗಿದ್ದರೆ ಕಮಾನು, ಗುಮ್ಮಟ, ಗೋಡೆಯ ಸ್ಮಾರಕ ಫಲಕ ಒಂದೊಂದೂ ಮಾತನಾಡುತ್ತವೆ. ಇಲ್ಲವಾದರೆ ಎಲ್ಲವೂ ಬರಿಯ ಹಳೆಯ ಕಟ್ಟಡವೇ.

ಕೊನೆಯ ನಿಲುಗಡೆ ಶಿವಾಜಿನಗರದ ಸೇಂಟ್ ಮೇರೀಸ್. ಈಗಿನ ಗಾಥಿಕ್ ಕಟ್ಟಡ 1882ರದು. ಅಲ್ಲಿ ಮಾತೆ ಮೇರಿ ಸೀರೆ ಉಟ್ಟಿದ್ದಾಳೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ತೇರು ಹೊರಡುತ್ತದೆ. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಪ್ರಾರ್ಥನೆಯ ನುಡಿಗಳು. ಹರಕೆ ಹೊತ್ತು ಬರುವವರಲ್ಲಿ ಅನ್ಯಮತದವರೂ ಬಹುಮಂದಿ.

ಹೊರಡುವವರಿಗೆ ಒಂದೆರಡು ಸೂಚನೆ. ಭಾನುವಾರದ ಬೆಳಗ್ಗೆ ಬೇಡ. ಅದು ಪ್ರಾರ್ಥನೆಯ ವೇಳೆ. ಒಳಹೊಗಲು ಮುಂಚಿತವಾಗಿ ಅನುಮತಿ ಪಡೆಯಿರಿ. ಕೈಮುಗಿದು ಕುಳಿತವರ ಪಟ ತೆಗೆಯಬೇಡಿ. ಇಗರ್ಜಿಯ ಹಿರಿಯರು ಸಿಕ್ಕರೆ ಅವರಿಂದ ಎರಡು ಮಾತು ಕೇಳಿ. ಫಲಕದಲ್ಲಿ ಬರೆಯದ ಸಂಗತಿ ಅವರ ನೆನಪಿನಲ್ಲಿರುತ್ತದೆ, ಆ ನೆನಪು ಅವರೊಡನೆಯೇ ಹೋಗಿಬಿಡಬಾರದು.

ದಿನವೂ ಬಸ್ಸಿನ ಕಿಟಕಿಯಿಂದ ಕಂಡ ಗೋಪುರಗಳೇ ಇವು. ಒಮ್ಮೆ ಇಳಿದು ನಡೆದವರಿಗೆ ಎರಡೂರು ಒಂದೂರಾದ ಬಗೆ ಕಾಲಿಗೇ ತಿಳಿಯುತ್ತದೆ.