ಟ್ಯಾಂಗೋ ಗೀತೆಗಳಲ್ಲಿ ಅಡಗಿದ ಅಳಲು

ಆರ್ಜೆಂಟೈನಾದ ಟ್ಯಾಂಗೋವನ್ನು ನಾವು ನೃತ್ಯವೆಂದೇ ಬಲ್ಲೆವು. ಅದರ ಗೀತಸಾಹಿತ್ಯವು ಇತಿಹಾಸಕಾರನಿಗೆ ಒಂದು ಆಕರವೂ ಹೌದು. ಪಾಸ್ಕ್ವಾಲ್ ಕೊಂತುರ್ಸಿ ರಚಿಸಿ, 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಹಾಡಿದ ‘ಮಿ ನೋಚೆ ತ್ರಿಸ್ತೆ’, ಅಂದರೆ ‘ನನ್ನ ದುಃಖದ ರಾತ್ರಿ’, ಈ ಪರಂಪರೆಗೆ ದಾರಿ ತೋರಿತು. ಪ್ರಿಯೆ ತೊರೆದುಹೋದ ಆ ಕೋಣೆಯಲ್ಲಿ ಗಿಟಾರು ನುಡಿಯದೆ ತೂಗಿದೆ, ದೀಪ ಬೆಳಗಲೊಲ್ಲದು. ಗಂಡಿನ ದುಃಖವನ್ನು ವಸ್ತುಗಳು ಹೊತ್ತಿವೆ.

ಹೆಣ್ಣಿನ ದುಃಖದ ಗತಿ ಬೇರೆ. 1920ರಲ್ಲಿ ಸಾಮ್ಯುಯೆಲ್ ಲಿನ್ನಿಗ್ ಬರೆದ ‘ಮಿಲೋಂಗೀತಾ’ದಲ್ಲಿ ಬಡ ಬೀದಿಯ ಎಸ್ತೆರ್‌ಸೀತಾ ಕ್ಯಾಬರೆ ಸೇರಿ ತನ್ನ ಹೆಸರನ್ನೂ ಕಳೆದುಕೊಳ್ಳುತ್ತಾಳೆ, ವೈಭವದ ನಡುವೆ ಹಿಂದಿನ ಅಗ್ಗದ ಹತ್ತಿಯ ಉಡುಪಿಗಾಗಿ ಹಂಬಲಿಸುತ್ತಾಳೆ. ಸೆಲೆದೋನಿಯೋ ಫ್ಲೋರೆಸ್‌ನ ‘ಮಾರ್ಗೋ’ ಅಂತಹವಳ ಪತನಕ್ಕೆ ಅವಳನ್ನೇ ಹೊಣೆ ಮಾಡುತ್ತದೆ.

ಇತಿಹಾಸವು ಬೇರೆ ಕಾರಣಗಳನ್ನು ತೋರಿಸುತ್ತದೆ. 1914ರ ಜನಗಣತಿಯಂತೆ ಬ್ಯೂನಸ್ ಐರಿಸ್ ನಗರದ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ವಿದೇಶಗಳಲ್ಲಿ ಹುಟ್ಟಿದವರು. ಅವರಲ್ಲಿ ಗಂಡಸರೇ ಹೆಚ್ಚು. ಬಡ ಕುಟುಂಬಗಳು ಬಾಡಿಗೆಯ ಒಂದೊಂದು ಕೋಣೆಯಲ್ಲಿ ಕಿಕ್ಕಿರಿದಿದ್ದವು. ಹೊಲಿಗೆಯಿಂದಲೂ ಬಟ್ಟೆ ಒಗೆಯುವುದರಿಂದಲೂ ಹೆಂಗಸರಿಗೆ ದೊರೆಯುತ್ತಿದ್ದ ಕೂಲಿ ಅತ್ಯಲ್ಪ. ಈ ಕೂಲಿಯ ಲೆಕ್ಕವನ್ನು ಮೇಲಿನ ಗೀತೆಗಳು ಹೇಳುವುದಿಲ್ಲ. ಮೂರನ್ನೂ ಬರೆದವರು ಪುರುಷರೆಂಬುದನ್ನು ನಾವು ಮರೆಯಲಾಗದು. ಆದುದರಿಂದ ಇವುಗಳಲ್ಲಿ ಹಾಡುವವನ ಅಳಲನ್ನು ಕೇಳಿದ ಬಳಿಕ, ಎಸ್ತೆರ್‌ಸೀತಾಳ ಅಳಲನ್ನು ಅರಸುವುದು ನಮ್ಮ ಕರ್ತವ್ಯವಾಗಿದೆ.