ಕಾರು ನಿಮ್ಮದು, ಕೀ ಯಾರದ್ದು?

ತಗಡೂರಲ್ಲಾಗಲಿ ಬೆಂಗಳೂರಲ್ಲಾಗಲಿ, ಕಾರಿನ ರಿಮೋಟ್ ಕೀ ಕಳೆದರೆ ಕೀ ಮಾಡುವವರ ಅರ ಸಾಕಾಗಲ್ಲ. ಹೊಸ ಕೀಯನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಲು ಸಾಫ್ಟ್‌ವೇರ್ ಬೇಕು.

ಇಂಜಿನಿಯರಿಂಗ್ ಓದಿದವನಾಗಿ ಸರಳವಾಗಿ ಹೇಳ್ತೀನಿ. ಇಂದಿನ ಬಹುತೇಕ ರಿಮೋಟ್‌ಗಳು ಗುಂಡಿ ಒತ್ತಿದಾಗಲೆಲ್ಲ ಹೊಸ ಸಂಕೇತ ಕಳಿಸುತ್ತವೆ. ಬಳಸಿದ್ದನ್ನು ಕಾರು ಮತ್ತೆ ಒಪ್ಪಬಾರದು. ಹಾಗಾಗಿ ಬಾಗಿಲು ತೆರೆದರಷ್ಟೇ ಪರೀಕ್ಷೆ ಮುಗಿಯಲ್ಲ. ಹಳೆಯ ಸಂಕೇತಕ್ಕೆ ಅದು ತೆರೆಯಬಾರದು, ಕಳೆದುಹೋದ ಕೀ ಪಟ್ಟಿಯಿಂದ ಅಳಿಸಿರಬೇಕು.

ಈ ಸಾಫ್ಟ್‌ವೇರ್ ಎಲ್ಲರ ಕೈಗೆ ಸಿಕ್ಕರೆ ಕಳ್ಳರಿಗೆ ಹಬ್ಬ ಎಂಬ ವಾದವಿದೆ. ಭಯ ಸುಳ್ಳಲ್ಲ. ಆದರೆ ಗುಟ್ಟೇ ಭದ್ರತೆಯಲ್ಲ. ಹಲವು ರಿಮೋಟ್‌ಗಳಲ್ಲಿದ್ದ ‘ಕೀಲಾಕ್’ ವ್ಯವಸ್ಥೆಯನ್ನು ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಭೇದಿಸಿ ತೋರಿಸಿದರು. ತಯಾರಕರ ಮೂಲ ಕೀ ಒಮ್ಮೆ ಸಿಕ್ಕರೆ, ಎರಡು ಸಂಕೇತ ಕದ್ದು ಕೇಳಿಯೇ ರಿಮೋಟ್ ನಕಲು ಮಾಡಬಹುದಿತ್ತು.

ಕೇಂದ್ರ ಸರ್ಕಾರದ 2022ರ ರಿಪೇರಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನಗಳೂ ಇವೆ. ಆದರೆ ಪೋರ್ಟಲ್ ಕಾನೂನಲ್ಲ. ನನ್ನ ಪ್ರಕಾರ ಆಗಬೇಕಾದ್ದು ಇಷ್ಟು: ಆರ್‌ಸಿ ಪರಿಶೀಲಿಸಿ ಕೆಲಸ ಮಾಡುವ ನೋಂದಾಯಿತ ಮೆಕ್ಯಾನಿಕ್‌ಗಳಿಗೆ ಸಾಫ್ಟ್‌ವೇರ್ ಸಿಗಲಿ, ಯಾರು, ಯಾವಾಗ ಕೀ ಸೇರಿಸಿದರೆಂಬುದು ಮಾಲೀಕರಿಗೆ ಕಾಣಲಿ.

ಅಲ್ಲಿವರೆಗೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಕೇಳಿ: ಇದಕ್ಕೆ ಒಟ್ಟು ಎಷ್ಟು ಕೀ ಜೋಡಿಸಿದ್ದಾರೆ? ಅಷ್ಟೂ ನಿಮ್ಮ ಕೈಗೆ ಬಂದಿವೆಯಾ?